ಮಾಂತ್ರಿಕನ ಟೊಪ್ಪಿಗೆ ಮತ್ತು ಹೆಣೆದವರ ಕೂಲಿ

ಇಂಗ್ಲಿಷ್ ಮಕ್ಕಳ ಸಾಹಿತ್ಯದ ಬಹು ಹೆಸರಾದ ಟೊಪ್ಪಿಗೆಯೊಂದರ ಮೇಲೆ ಅದರ ಬೆಲೆಯನ್ನೂ ಬರೆದಿದೆ. 1865ರಲ್ಲಿ ಬಂದ ಲೂಯಿಸ್ ಕ್ಯಾರೊಲ್‌ನ ‘ಆಲಿಸ್’ ಪುಸ್ತಕಕ್ಕೆ ಜಾನ್ ಟೆನಿಯಲ್ ಬಿಡಿಸಿದ ಚಿತ್ರಗಳಲ್ಲಿ ಹ್ಯಾಟರ್‌ನ ಎತ್ತರದ ಟೊಪ್ಪಿಗೆಗೆ ಒಂದು ಚೀಟಿ ಸಿಕ್ಕಿಸಿದೆ. ಈ ಮಾದರಿಗೆ ಹತ್ತು ಶಿಲಿಂಗ್ ಆರು ಪೆನ್ಸ್ ಎಂದು ಅದು ಹೇಳುತ್ತದೆ. ಕಥೆಯ ಕೊನೆಯ ವಿಚಾರಣೆಯಲ್ಲಿ ಟೊಪ್ಪಿಗೆ ತೆಗೆ ಎಂದು ರಾಜ ಆಜ್ಞೆ ಮಾಡಿದಾಗ ಹ್ಯಾಟರ್, ಅದು ತನ್ನದಲ್ಲ ಎನ್ನುತ್ತಾನೆ. ಹಾಗಾದರೆ ಕದ್ದದ್ದು ಎಂದು ರಾಜ ತೀರ್ಮಾನಿಸುತ್ತಾನೆ. ಟೊಪ್ಪಿಗೆಗಳು ತನ್ನ ಬಳಿ ಇರುವುದು ಮಾರುವುದಕ್ಕೆ, ತನ್ನದು ಎನ್ನುವುದು ಒಂದೂ ಇಲ್ಲ ಎಂದು ಹ್ಯಾಟರ್ ವಿವರಿಸಬೇಕಾಗುತ್ತದೆ. ನಗುವಿನ ಪ್ರಸಂಗ ನಿಜ. ಆದರೆ ಟೊಪ್ಪಿಗೆ ಮಾಡುವವನು ಒಬ್ಬ ಕಸುಬುದಾರ, ಮಾಡಿದ್ದನ್ನು ಮಾರಿದರೆ ಮಾತ್ರ ಅವನ ಬದುಕು ನಡೆಯುತ್ತದೆ ಎಂಬ ಸರಳ ಸತ್ಯ ಆ ನಗುವಿನ ನಡುವೆಯೇ ಕಾಣುತ್ತದೆ.

ಆಮೇಲೆ ಬಂದ ಮಾಂತ್ರಿಕ ಕಥನಗಳಲ್ಲಿ ಈ ಚೀಟಿ ಕಾಣೆಯಾಯಿತು. 1937ರ ‘ದಿ ಹಾಬಿಟ್’ನಲ್ಲಿ ಗ್ಯಾಂಡಾಲ್ಫ್ ಎತ್ತರದ, ಚೂಪು ತುದಿಯ ನೀಲಿ ಟೊಪ್ಪಿಗೆ ಹಾಕಿಕೊಂಡು ಬರುತ್ತಾನೆ. ಮರುವರ್ಷ ಟಿ. ಎಚ್. ವೈಟ್ ಬರೆದ ಮರ್ಲಿನ್‌ನ ತಲೆಯ ಮೇಲೂ ಚೂಪು ಟೊಪ್ಪಿಗೆಯಿದೆ, ನಿಲುವಂಗಿಯ ತುಂಬ ರಾಶಿಚಕ್ರದ ಕಸೂತಿಯಿದೆ. ಆ ಕಸೂತಿ ಹಾಕಿದವರು ಯಾರು, ಅವರಿಗೆ ಏನು ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ. 1997ರಲ್ಲಿ ಆರಂಭವಾದ ಹ್ಯಾರಿ ಪಾಟರ್ ಸರಣಿಯಲ್ಲಿ ಶಾಲೆಗೆ ತರಬೇಕಾದ ವಸ್ತುಗಳ ಪಟ್ಟಿಯಲ್ಲೇ ಒಂದು ಚೂಪು ಟೊಪ್ಪಿಗೆ ಸೇರಿದೆ. ಹ್ಯಾರಿಯ ಮಂತ್ರದಂಡಕ್ಕೆ ಏಳು ಗ್ಯಾಲಿಯನ್ ಎಂದು ನಮಗೆ ಗೊತ್ತಾಗುತ್ತದೆ. ಟೊಪ್ಪಿಗೆಗೆ ಎಷ್ಟು ಎಂದು ಗೊತ್ತಾಗುವುದಿಲ್ಲ. ಅಧಿಕಾರದ ವಸ್ತುವಿಗೆ ಬೆಲೆಯಿದೆ. ಬಟ್ಟೆಬರೆ ತನ್ನಷ್ಟಕ್ಕೆ ಇರುವಂಥದ್ದು.

ಇದನ್ನು ಕಾದಂಬರಿಕಾರರ ಮರೆವು ಎಂದು ಬಿಟ್ಟುಬಿಡಬಹುದು. ಹಾಗೆ ಬಿಡಲು ಆಗದಿರುವುದಕ್ಕೆ ಕಾರಣವಿದೆ. ಈ ಕಥೆಗಳು ಓದಿ ಮುಗಿದ ಮೇಲೂ ಮುಗಿಯುವುದಿಲ್ಲ. ಅವನ್ನು ಓದಿ ಬೆಳೆದವರು ಇಂಗ್ಲೆಂಡ್, ಅಮೆರಿಕಗಳಲ್ಲಿ ಮಾಂತ್ರಿಕನ ಟೊಪ್ಪಿಗೆ, ಮಾಟಗಾತಿಯ ಟೊಪ್ಪಿಗೆ, ಪಟ್ಟೆಪಟ್ಟೆ ಮಫ್ಲರ್‌ಗಳನ್ನು ಕೈಯಲ್ಲಿ ಹೆಣೆದು ಹ್ಯಾಲೋವೀನ್‌ಗೆ, ಅಭಿಮಾನಿಗಳ ಸಮಾವೇಶಗಳಿಗೆ, ಕಾಸ್‌ಪ್ಲೇಗೆ ಮಾರುತ್ತಾರೆ. ಹೆಣೆಯುವವರಲ್ಲಿ ಹೆಚ್ಚಿನವರು ಹೆಂಗಸರು. ಅವರೆಲ್ಲರಿಗೂ ಎದುರಾಗುವ ಮಾತು ಒಂದೇ: ಒಂದು ಟೊಪ್ಪಿಗೆಗೆ ಇಷ್ಟೊಂದಾ? ಈ ಪ್ರಶ್ನೆ ಕೇಳುವವರು ಅನೇಕ ಸಲ ಆ ಪುಸ್ತಕಗಳ ನಿಷ್ಠ ಓದುಗರೇ. ಟೊಪ್ಪಿಗೆ ಎಂದರೆ ಮಂತ್ರದಿಂದ ಬರುವಂಥದ್ದು ಎಂದು ಕಥೆ ಅವರಿಗೆ ಕಲಿಸಿದೆಯೇ? ಈ ಅನುಮಾನವನ್ನು ಇಟ್ಟುಕೊಂಡು ಕೆಲವು ಕೃತಿಗಳನ್ನು ಮತ್ತೆ ಓದಿ ನೋಡಬಹುದು.

ಮೊದಲು ವಸ್ತುವನ್ನೇ ನೋಡೋಣ. ಉಣ್ಣೆಯ ಸ್ವೆಟರನ್ನು ತಪ್ಪಿ ಬಿಸಿನೀರಿಗೆ ಹಾಕಿ ಹಾಳುಮಾಡಿಕೊಂಡವರಿಗೆ ಫೆಲ್ಟಿಂಗ್ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಕುರಿಯ ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಪೊರೆಗಳಿರುತ್ತವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದಾಗ ಈ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಒಮ್ಮೆ ಹೀಗಾದರೆ ಮತ್ತೆ ಮೊದಲಿನಂತಾಗುವುದಿಲ್ಲ. ಆ ಅವಘಡವನ್ನೇ ಬೇಕೆಂದು ಮಾಡುವುದು ಈ ಕಸುಬು. ದಪ್ಪ ಕಡ್ಡಿಗಳಲ್ಲಿ ಸಡಿಲವಾಗಿ, ತಲೆಗಿಂತ ಎಷ್ಟೋ ದೊಡ್ಡದಾಗಿ ಟೊಪ್ಪಿಗೆಯನ್ನು ಹೆಣೆಯುತ್ತಾರೆ. ಆ ಹಂತದಲ್ಲಿ ಅದು ಜೋಲುಬಿದ್ದ ಚೀಲದಂತೆ ಕಾಣುತ್ತದೆ. ಆಮೇಲೆ ಬಿಸಿನೀರಲ್ಲಿ ತಿರುಗಿಸಿ, ನಡುನಡುವೆ ತೆಗೆದು ಅಳತೆ ನೋಡಿ, ಸರಿಯಾದ ಗಾತ್ರಕ್ಕೆ ಬಂದ ಕ್ಷಣ ನಿಲ್ಲಿಸಬೇಕು. ಹೆಣಿಗೆಯ ಬಟ್ಟೆ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಕುಗ್ಗುತ್ತದೆ. ಹಾಗಾಗಿ ಮಾಂತ್ರಿಕನ ಟೊಪ್ಪಿಗೆಗೆ ಬೇಕಾದ ಎತ್ತರ ಉಳಿಯಬೇಕಾದರೆ ಅದನ್ನು ಇನ್ನೂ ಎತ್ತರವಾಗಿ ಹೆಣೆದಿರಬೇಕು. ಯಂತ್ರದಲ್ಲಿ ಒಗೆಯಲು ಆಗುವಂತೆ ಸಂಸ್ಕರಿಸಿದ ಉಣ್ಣೆಯಾದರೆ ಎಷ್ಟು ತಿಕ್ಕಿದರೂ ಗಟ್ಟಿಯಾಗುವುದಿಲ್ಲ; ಅದರ ಪೊರೆಗಳನ್ನು ಮೊದಲೇ ನಿವಾರಿಸಿರುತ್ತಾರೆ. ಕುಗ್ಗಿದ ಮೇಲೆ ಒದ್ದೆಯಿರುವಾಗಲೇ ಅಚ್ಚಿಗೆ ಹಾಕಿ ಎಳೆದು, ಅಂಚನ್ನು ತಿದ್ದಿ, ತುದಿಯನ್ನು ಬೇಕಾದಂತೆ ಸೊಟ್ಟ ಮಾಡಿ ಒಣಗಲು ಬಿಡುತ್ತಾರೆ. ಕೊನೆಗೆ ಚಿಕ್ಕ ಕಚ್ಚುಗಳಿರುವ ಸೂಜಿಯಿಂದ ಬಣ್ಣದ ಉಣ್ಣೆಯನ್ನು ಚುಚ್ಚಿ ಚುಚ್ಚಿ ನಕ್ಷತ್ರ, ಚಂದ್ರರನ್ನು ಕೂರಿಸುತ್ತಾರೆ.

ಈಗ ಬೆಲೆಯ ಲೆಕ್ಕ. ಉದಾಹರಣೆಗೆ ಒಂದು ಟೊಪ್ಪಿಗೆಗೆ 900 ರೂಪಾಯಿಯ ಉಣ್ಣೆ ಬೇಕು ಎಂದುಕೊಳ್ಳಿ. ಹೆಣೆಯಲು 14 ಗಂಟೆ, ಕುಗ್ಗಿಸಿ ಆಕಾರಕ್ಕೆ ತರಲು 2 ಗಂಟೆ, ಅಲಂಕಾರಕ್ಕೆ 2 ಗಂಟೆ, ಒಟ್ಟು 18 ಗಂಟೆ. ಗಂಟೆಗೆ ಬರೀ 100 ರೂಪಾಯಿ ಹಿಡಿದರೂ ಕೂಲಿ 1800. ಪ್ಯಾಕಿಂಗ್, ಮಾರಾಟದ ಕಮಿಷನ್, ಕೆಟ್ಟುಹೋದ ಮಾದರಿಗಳ ಪಾಲು ಎಂದು 300 ಸೇರಿಸಿದರೆ 3000 ರೂಪಾಯಿ. ಹೆಣೆಯುವವರ ನಡುವೆ ಚಾಲ್ತಿಯಲ್ಲಿರುವ ಒಂದು ಸುಲಭ ಸೂತ್ರವಿದೆ: ಸಾಮಗ್ರಿಯ ಖರ್ಚಿನ ಮೂರು ಪಟ್ಟು. ಅದರಂತೆ 2700. ಕಾರ್ಖಾನೆಯ ಟೊಪ್ಪಿಗೆಯ ಜೊತೆ ಹೋಲಿಸಿ ನೋಡುವ ಗಿರಾಕಿ 1500ಕ್ಕೆ ಕೊಡಿ ಎನ್ನುತ್ತಾನೆ. ಆಕೆ ಒಪ್ಪಿಕೊಂಡರೆ ಉಣ್ಣೆ ಮತ್ತು ಇತರ ಖರ್ಚು ಕಳೆದು 18 ಗಂಟೆಗೆ ಉಳಿಯುವುದು 300 ರೂಪಾಯಿ. ಗಂಟೆಗೆ 17 ರೂಪಾಯಿಗೂ ಕಡಿಮೆ. ಅಂಕಿಗಳನ್ನು ಬದಲಿಸಿ ನೋಡಿ, ಚಿತ್ರ ಹೆಚ್ಚು ಬದಲಾಗುವುದಿಲ್ಲ. ಚೌಕಾಸಿಯ ಇಡೀ ಭಾರ ಬೀಳುವುದು ಕೂಲಿಯ ಮೇಲೆ. ಉಣ್ಣೆಯ ಅಂಗಡಿಯವನಾಗಲಿ, ಕೊರಿಯರ್‌ನವನಾಗಲಿ ಇಳಿಸಿಕೊಳ್ಳುವುದಿಲ್ಲ. ಇಳಿಸಿಕೊಳ್ಳಬಲ್ಲವಳು ಹೆಣೆದವಳೊಬ್ಬಳೇ.

ಈ ವಸ್ತುವಿನಲ್ಲೇ ಇನ್ನೊಂದು ತೊಡಕಿದೆ. ಸಾಧಾರಣ ಹೆಣಿಗೆಯಲ್ಲಿ ಕುಣಿಕೆಗಳು ಕಾಣುತ್ತವೆ, ಬೇಕಾದರೆ ಎಣಿಸಬಹುದು. ಫೆಲ್ಟ್ ಮಾಡಿದಾಗ ಕುಣಿಕೆಗಳು ಅಳಿಸಿಹೋಗುತ್ತವೆ. ಕೆಲಸ ಚೆನ್ನಾದಷ್ಟೂ ಅದು ಹೆಣಿಗೆ ಎಂದು ಗೊತ್ತಾಗುವುದಿಲ್ಲ. 14 ಗಂಟೆಯ ಸಾಕ್ಷಿಯನ್ನು ಕೊನೆಯ ಎರಡು ಗಂಟೆ ತೊಳೆದುಬಿಡುತ್ತದೆ. ಗಿರಾಕಿಯ ಕಣ್ಣಿಗೆ ಕಾಣುವುದು ಯಂತ್ರದ ಫೆಲ್ಟ್ ಹಾಳೆಯಂಥದೇ ಒಂದು ಬಟ್ಟೆ. ಹಾಗಾಗಿ ಇಲ್ಲಿ ಬೆಲೆಯನ್ನು ವಸ್ತುವೇ ಹೇಳಿಕೊಳ್ಳಲಾರದು. ಅದರ ಹಿಂದಿನ ಕೆಲಸವನ್ನು ಯಾರಾದರೂ ಮಾತಿನಲ್ಲಿ ಹೇಳಬೇಕು. ಹಾಗೆ ಹೇಳುವುದು ಸಾಹಿತ್ಯಕ್ಕೆ ಸಾಧ್ಯವಿರುವ ಕೆಲಸ. ಅದು ಹೇಳಿದೆಯೇ?

ಗ್ರಿಮ್ ಸೋದರರ 1812ರ ಸಂಗ್ರಹದಲ್ಲಿ ಒಂದು ಕಥೆಯಿದೆ. ಬೂಟು ಹೊಲಿಯುವ ಬಡವನೊಬ್ಬನ ಬಳಿ ಒಂದೇ ಜೊತೆಗೆ ಆಗುವಷ್ಟು ಚರ್ಮ ಉಳಿದಿರುತ್ತದೆ. ರಾತ್ರಿ ಕತ್ತರಿಸಿಟ್ಟು ಮಲಗುತ್ತಾನೆ, ಬೆಳಗ್ಗೆ ಬೂಟು ತಯಾರಾಗಿರುತ್ತದೆ. ಕೆಲಸದ ಅಂದ ನೋಡಿ ಗಿರಾಕಿ ವಾಡಿಕೆಗಿಂತ ಹೆಚ್ಚು ಬೆಲೆ ಕೊಡುತ್ತಾನೆ. ಆ ಹಣಕ್ಕೆ ಎರಡು ಜೊತೆಯ ಚರ್ಮ, ಅದರಿಂದ ನಾಲ್ಕು ಜೊತೆಯದು, ಹೀಗೆ ಮನೆ ಮೇಲೇಳುತ್ತದೆ. ಗಂಡಹೆಂಡತಿ ಕದ್ದು ನೋಡಿದರೆ ಬತ್ತಲೆ ಮೈಯ ಇಬ್ಬರು ಪುಟಾಣಿ ಕುಳ್ಳರು ಕೂತು ಹೊಲಿಯುತ್ತಿರುತ್ತಾರೆ. ಹೆಂಡತಿ ಅವರಿಗೆ ಅಂಗಿ, ಚಡ್ಡಿ ಹೊಲಿದು, ಕಾಲುಚೀಲ ಹೆಣೆಯುತ್ತಾಳೆ. ಅದನ್ನು ತೊಟ್ಟುಕೊಂಡ ಕುಳ್ಳರು ಕುಣಿಯುತ್ತ ಹೊರಟುಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಕಥೆಯನ್ನು ಕೃತಜ್ಞತೆಯ ಪಾಠವೆಂದು ಮಕ್ಕಳಿಗೆ ಹೇಳುವುದು ರೂಢಿ. ಆದರೆ ಇದರಲ್ಲಿ ಲೆಕ್ಕ ಬಹಳ ಕರಾರುವಾಕ್ಕಾಗಿದೆ. ಚರ್ಮದ ಖರ್ಚು, ಮಾರಿದ ಬೆಲೆ, ಮರುಹೂಡಿಕೆ ಎಲ್ಲವೂ ಇದೆ. ಇಲ್ಲದ್ದು ಕೂಲಿ ಒಂದೇ. ಕೂಲಿಯಿಲ್ಲದ ಕೆಲಸವೇ ಇಲ್ಲಿಯ ಮಾಯೆ. ಕೆಲಸ ಮಾಡುವವರಿಗೆ ಮೊದಲ ಸಲ ಏನಾದರೂ ಸಿಕ್ಕ ಕ್ಷಣ ಮಾಯೆ ಮುಗಿಯುತ್ತದೆ. ಆ ಕೊಡುಗೆಯಲ್ಲಿ ಕೈಯಿಂದ ಹೆಣೆದ ಕಾಲುಚೀಲವೂ ಇದೆ ಎನ್ನುವುದನ್ನು ನೆನಪಿಡಬೇಕು, ಏಕೆಂದರೆ ರೌಲಿಂಗ್ ಎತ್ತಿಕೊಳ್ಳುವುದು ಇದೇ ಎಳೆಯನ್ನು.

ಹಾಗ್‌ವರ್ಟ್ಸ್ ಶಾಲೆಯ ಅಡುಗೆ, ಕಸ, ಒಲೆ ಎಲ್ಲವನ್ನೂ ನೋಡಿಕೊಳ್ಳುವವರು ಮನೆಗೆಲಸದ ಎಲ್ಫ್‌ಗಳು. ಅವರಿಗೆ ಸಂಬಳವಿಲ್ಲ, ಮೈಮೇಲೆ ಬಟ್ಟೆಯಿಲ್ಲ. ಯಜಮಾನ ಬಟ್ಟೆ ಕೊಟ್ಟರೆ ಬಿಡುಗಡೆ. 2000ದ ನಾಲ್ಕನೆಯ ಪುಸ್ತಕದಲ್ಲಿ ಹರ್ಮಯನಿ ಇದನ್ನು ಕಂಡು ಸಿಡಿದು ಸಂಘ ಕಟ್ಟುತ್ತಾಳೆ. 2003ರ ಐದನೆಯ ಪುಸ್ತಕದಲ್ಲಿ ಉಣ್ಣೆಯ ಟೊಪ್ಪಿಗೆ ಹೆಣೆದು, ಅವುಗಳ ಮೇಲೆ ಕಸ ಮುಚ್ಚಿ, ಎಲ್ಫ್‌ಗಳು ಗುಡಿಸುವಾಗ ಗೊತ್ತಿಲ್ಲದೆ ಎತ್ತಿಕೊಳ್ಳಲಿ ಎಂದು ಇಡುತ್ತಾಳೆ. ಬೇಸಿಗೆ ರಜೆಯಲ್ಲಿ ಮಂತ್ರವಿಲ್ಲದೆ ಹೆಣೆಯುವಾಗ ತುಂಬ ನಿಧಾನವಾಗಿತ್ತು, ಶಾಲೆಗೆ ಬಂದದ್ದರಿಂದ ಇನ್ನು ಬೇಕಾದಷ್ಟು ಮಾಡಬಹುದು ಎಂಬ ಅರ್ಥದ ಮಾತು ಅವಳ ಬಾಯಲ್ಲೇ ಬರುತ್ತದೆ. ಮುಂದೆ ಕಡ್ಡಿಗಳು ತಾವಾಗಿಯೇ ಗಾಳಿಯಲ್ಲಿ ಹೆಣೆಯತೊಡಗುತ್ತವೆ. ಇತ್ತ ಎಲ್ಫ್‌ಗಳು ಇದನ್ನು ಅವಮಾನವೆಂದು ತಿಳಿದು ಆ ಗೋಪುರಕ್ಕೆ ಕಾಲಿಡುವುದನ್ನೇ ನಿಲ್ಲಿಸುತ್ತಾರೆ. ಈಗಾಗಲೇ ಬಿಡುಗಡೆಯಾಗಿರುವ ಡಾಬಿ ಒಬ್ಬನೇ ಎಲ್ಲ ಗುಡಿಸಿ, ಎಲ್ಲ ಟೊಪ್ಪಿಗೆಗಳನ್ನೂ ತಲೆಯ ಮೇಲೆ ಪೇರಿಸಿಕೊಂಡು ತಿರುಗುತ್ತಾನೆ. ಹ್ಯಾರಿಗೆ ಇದು ಗೊತ್ತಾಗುತ್ತದೆ, ಹರ್ಮಯನಿಗೆ ಹೇಳಲು ಮಾತ್ರ ಮನಸ್ಸು ಬರುವುದಿಲ್ಲ.

ಎಲ್ಫ್‌ಗಳ ಗುಲಾಮಗಿರಿಯನ್ನು ರೌಲಿಂಗ್ ಹಾಸ್ಯದ ವಸ್ತು ಮಾಡಿದರು ಎಂಬ ಆಕ್ಷೇಪ ಹಳೆಯದು. ಅದರಲ್ಲಿ ನ್ಯಾಯವೂ ಇದೆ. ನನ್ನ ತಕರಾರು ಬೇರೆ ಕಡೆಗಿದೆ. ಹರ್ಮಯನಿಯ ಯೋಜನೆ ಸೋಲುವುದು ಅವಳ ಆದರ್ಶದಿಂದಲ್ಲ, ಅವಳ ವಿಧಾನದಿಂದ. ಕೈಗೆಲಸದವರ ಪರ ನಿಂತವಳು ತನ್ನ ಕೈಗೆಲಸವನ್ನು ಮಂತ್ರಕ್ಕೆ ಒಪ್ಪಿಸಿ, ಸಮಯ ಖರ್ಚಾಗದ ಟೊಪ್ಪಿಗೆಗಳನ್ನು ಗುಂಪುಗುಂಪಾಗಿ ತಯಾರಿಸುತ್ತಾಳೆ. ರಜೆಯಲ್ಲಿ ನಿಧಾನವಾಗಿ ಹೆಣೆದಾಗಲೇ ದುಡಿಮೆಯ ಬಗ್ಗೆ ಅವಳಿಗೆ ಏನಾದರೂ ಗೊತ್ತಾಗುವ ಸಾಧ್ಯತೆಯಿತ್ತು. ಎಷ್ಟು ಬೇಗ ಮುಗಿದೀತು ಎನ್ನುವ ಕಾರ್ಖಾನೆಯ ಯೋಚನೆ ಆ ಸಾಧ್ಯತೆಯನ್ನು ನುಂಗಿಬಿಟ್ಟಿತು. ಯಾರಿಗೆ ಕೊಡುತ್ತಿದ್ದಾಳೋ ಅವರನ್ನು ಕೇಳದೆ, ಅವರ ತಲೆಯ ಅಳತೆ ನೋಡದೆ, ಕಸದಡಿ ಬಚ್ಚಿಟ್ಟು ಕೊಟ್ಟದ್ದು ಕೊಡುಗೆಯೂ ಅಲ್ಲ, ಕೂಲಿಯೂ ಅಲ್ಲ. ಎಲ್ಫ್‌ಗಳ ಸಿಟ್ಟನ್ನು ಗುಲಾಮರ ಅಜ್ಞಾನವೆಂದಷ್ಟೇ ಓದಬೇಕಾಗಿಲ್ಲ. ಕೆಲಸದ ಬೆಲೆ ಬಲ್ಲವರ ಸಿಟ್ಟು ಎಂದೂ ಓದಬಹುದು.

ಡಾಬಿಯ ಸಂಬಳದ ಪ್ರಸಂಗ ಇದಕ್ಕಿಂತ ಸೂಕ್ಷ್ಮವಾಗಿದೆ. ಡಂಬಲ್‌ಡೋರ್ ವಾರಕ್ಕೆ ಹತ್ತು ಗ್ಯಾಲಿಯನ್, ವಾರಾಂತ್ಯದ ರಜೆ ಕೊಡುತ್ತೇನೆನ್ನುತ್ತಾನೆ. ಡಾಬಿ ಚೌಕಾಸಿ ಮಾಡಿ ವಾರಕ್ಕೆ ಒಂದು ಗ್ಯಾಲಿಯನ್, ತಿಂಗಳಿಗೆ ಒಂದು ದಿನ ರಜೆ ಎಂದು ಇಳಿಸಿಕೊಳ್ಳುತ್ತಾನೆ. ಓದುವಾಗ ನಗು ಬರುತ್ತದೆ. ಕನ್ನಡದ ಓದುಗರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪೂ ಬರಬಹುದು. ಗಂಡ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಆಕೆ. ಎರಡೂ ಕಡೆ ಕಡಿಮೆ ಸಾಕು ಎನ್ನುವ ಮಾತಿದೆ, ಅರ್ಥ ಮಾತ್ರ ಬೇರೆ. ಲಕ್ಕಮ್ಮ ತನ್ನ ಕಾಯಕದ ಅಳತೆಯನ್ನು ತಾನೇ ಗೊತ್ತುಮಾಡಿಕೊಂಡವಳು. ಬೇಡ ಎನ್ನುವುದು ಅವಳ ಅಧಿಕಾರ. ಡಾಬಿಗೆ ಸ್ವಾತಂತ್ರ್ಯ ಬೇಕು, ಆದರೆ ತನ್ನ ಕೆಲಸಕ್ಕೆ ಹೆಚ್ಚು ಕೇಳಬಹುದೆಂಬ ನಂಬಿಕೆ ಇನ್ನೂ ಹುಟ್ಟಿಲ್ಲ. ಹೆಣೆದದ್ದನ್ನು ಮಾರುವ ಎಷ್ಟೋ ಜನ ಈ ಡಾಬಿಯ ಸ್ಥಿತಿಯಲ್ಲಿದ್ದಾರೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವರು ತಮ್ಮ ಗಂಟೆಗಳನ್ನು ಲೆಕ್ಕದಿಂದ ಕೈಬಿಟ್ಟಿರುತ್ತಾರೆ. ಹವ್ಯಾಸಕ್ಕೆ ಮಾಡಿದ್ದು, ಟಿವಿ ನೋಡುತ್ತ ಹೆಣೆದದ್ದು ಎಂಬ ಸಮಜಾಯಿಷಿ ಹೊರಗಿನಿಂದ ಬರಬೇಕಾಗಿಲ್ಲ. ಅದನ್ನು ಲಕ್ಕಮ್ಮನ ಸಂತೃಪ್ತಿಯೆಂದು ಹೊಗಳುವುದು ಅನ್ಯಾಯ.

ಆದರೂ ಇಡೀ ಸರಣಿಯಲ್ಲಿ ಹೆಣಿಗೆಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವವನು ಡಾಬಿಯೇ. ನಾಲ್ಕನೆಯ ಪುಸ್ತಕದ ಕ್ರಿಸ್‌ಮಸ್ ದಿನ ಅವನು ಹ್ಯಾರಿಗೆ ಒಂದು ಕೆಂಪು, ಒಂದು ಹಸಿರು ಕಾಲುಚೀಲ ಕೊಡುತ್ತಾನೆ. ತಾನೇ ಮಾಡಿದ್ದು, ಉಣ್ಣೆಯನ್ನು ತನ್ನ ಸಂಬಳದಲ್ಲೇ ಕೊಂಡದ್ದು ಎಂದು ಹೆಮ್ಮೆಯಿಂದ ಹೇಳುತ್ತಾನೆ. ಮೋಲಿ ವೀಸ್ಲಿ ವರ್ಷವರ್ಷವೂ ಹೆಣೆದು ಕಳಿಸುವ ಸ್ವೆಟರ್‌ಗಳು ತಾಯಿಯ ಪ್ರೀತಿಯ ಲೆಕ್ಕಕ್ಕೆ ಹೋಗುತ್ತವೆ. ಅವುಗಳ ಉಣ್ಣೆಗೆ ಆ ಬಡ ಮನೆಯಲ್ಲಿ ಹಣ ಎಲ್ಲಿಂದ ಬಂತು ಎಂದು ಕಾದಂಬರಿ ಕೇಳುವುದಿಲ್ಲ. ಡಾಬಿಯ ಒಂದು ವಾಕ್ಯದಲ್ಲಿ ಮಾತ್ರ ಸಂಬಳ, ಸಾಮಗ್ರಿ, ಕೆಲಸ ಮೂರೂ ಒಟ್ಟಿಗೆ ಬರುತ್ತವೆ. ಹ್ಯಾರಿ ಅವನಿಗೆ ಮರಳಿ ಕೊಡುವುದು ಚಿಕ್ಕಪ್ಪ ಹಾಕಿ ಬಿಟ್ಟ ಹಳೆಯ ಕಾಲುಚೀಲ. ಕೊಡುಕೊಳೆಯ ಈ ಅಸಮತೆಯನ್ನು ರೌಲಿಂಗ್ ಒತ್ತಿ ಹೇಳುವುದಿಲ್ಲ. ಗಮನಿಸುವವರು ಗಮನಿಸಲಿ ಎಂದು ಬಿಡುತ್ತಾರೆ. ಅವರ ಬರಹ ಗಟ್ಟಿಯಾಗಿರುವುದು ಇಂಥ ಕಡೆಗಳಲ್ಲೇ.

ಟೆರಿ ಪ್ರ್ಯಾಚೆಟ್‌ನ ದಾರಿ ಬೇರೆ. ಅವನ ಡಿಸ್ಕ್‌ವರ್ಲ್ಡ್ ಕಾದಂಬರಿಗಳಲ್ಲಿ ಟೊಪ್ಪಿಗೆ ಅರ್ಧ ಗೌರವ, ಅರ್ಧ ನಾಟಕ. ರಿನ್ಸ್‌ವಿಂಡ್ ಎಂಬ ಕೈಲಾಗದ ಮಾಂತ್ರಿಕನ ಟೊಪ್ಪಿಗೆಯ ಮೇಲೆ ಮಾಂತ್ರಿಕ ಎಂಬ ಪದವನ್ನೇ ತಪ್ಪು ಕಾಗುಣಿತದಲ್ಲಿ ಮಿನುಗುಬಿಲ್ಲೆಗಳಿಂದ ಹೊಲಿದಿದೆ. ಆ ತಪ್ಪಿನಲ್ಲಿ ಹೊಲಿದ ಕೈ ಕಾಣುತ್ತದೆ. ಯಂತ್ರದ ಟೊಪ್ಪಿಗೆಯಲ್ಲಿ ಅಂಥ ತಪ್ಪು ಇರುವುದಿಲ್ಲ. 2004ರ ‘ಎ ಹ್ಯಾಟ್ ಫುಲ್ ಆಫ್ ಸ್ಕೈ’ ಈ ವಿಷಯವನ್ನೇ ಕೇಂದ್ರಕ್ಕೆ ತರುತ್ತದೆ. ಕುರಿ ಕಾಯುವವರ ಮನೆತನದ ಹುಡುಗಿ ಟಿಫನಿ ಏಕಿಂಗ್ ಮಾಟಗಾತಿಯಾಗಲು ಕಲಿಯುತ್ತಿದ್ದಾಳೆ. ಊರಲ್ಲಿ ಮಂತ್ರದ ಸಾಮಾನು ಮಾರುವ ಜಾಕ್‌ಜಾಕ್ ಎಂಬವನ ಅಂಗಡಿಯಿದೆ. ಬೆಲೆ, ಗಿರಾಕಿ, ಹೊಸ ಮಾದರಿ ಎಲ್ಲ ಬಲ್ಲ ವ್ಯಾಪಾರಿ ಅವನು. ಟಿಫನಿಯ ಮನಸ್ಸನ್ನು ದುಷ್ಟಶಕ್ತಿಯೊಂದು ಆಕ್ರಮಿಸಿದಾಗ ಅವಳು ಅಲ್ಲಿಗೆ ಹೋಗಿ ಭಾರಿ ಎತ್ತರದ ಟೊಪ್ಪಿಗೆಯನ್ನು ಆರಿಸುತ್ತಾಳೆ. ದುರಾಸೆಗೆ ಬೇಕಾದದ್ದು ಸಿದ್ಧ ಟೊಪ್ಪಿಗೆ. ಕೊನೆಗೆ ಹಿರಿಯ ಮಾಟಗಾತಿ ಗ್ರಾನಿ ವೆದರ್‌ವ್ಯಾಕ್ಸ್ ತನ್ನ ಟೊಪ್ಪಿಗೆಯನ್ನೇ ಕೊಟ್ಟರೂ ಟಿಫನಿ ಇಟ್ಟುಕೊಳ್ಳುವುದಿಲ್ಲ. ಕೊಂಡದ್ದೂ ಬೇಡ, ಕೊಟ್ಟದ್ದೂ ಬೇಡ, ತನ್ನ ತಲೆಗೆ ತಾನೇ ಮಾಡಿಕೊಂಡದ್ದೇ ಟೊಪ್ಪಿಗೆ ಎಂಬ ಅರಿವಿಗೆ ಬರುತ್ತಾಳೆ.

ಬೆಳೆಯುವ ಹುಡುಗಿಯ ಕಥೆಗೆ ಇದು ಚೆಂದದ ಮುಕ್ತಾಯ. ಕೈಗೆಲಸದ ಪ್ರಶ್ನೆಗೆ ಮಾತ್ರ ಇದು ಉತ್ತರವಾಗುವುದಿಲ್ಲ. ಎಲ್ಲರೂ ತಮ್ಮ ತಮ್ಮ ಟೊಪ್ಪಿಗೆ ಮಾಡಿಕೊಳ್ಳುವ ಊರಲ್ಲಿ ಟೊಪ್ಪಿಗೆ ಮಾಡಿ ಬದುಕುವವರು ಏನು ಮಾಡಬೇಕು? ಪ್ರ್ಯಾಚೆಟ್ ಅಂಗಡಿಕಾರನನ್ನು ನಗೆಪಾಟಲು ಮಾಡುತ್ತಾನೆ, ಸ್ವಂತಕ್ಕೆ ಮಾಡಿಕೊಳ್ಳುವವಳನ್ನು ಎತ್ತರಿಸುತ್ತಾನೆ. ಇಬ್ಬರ ನಡುವೆ ಇನ್ನೊಬ್ಬರಿಗಾಗಿ ಒಳ್ಳೆಯದನ್ನು ಮಾಡಿ ನ್ಯಾಯವಾದ ಬೆಲೆ ಕೇಳುವ ಕಸುಬುದಾರ ಜಾಗವಿಲ್ಲದೆ ಹೊರಗುಳಿಯುತ್ತಾನೆ. ಮಾರಾಟ ಮಾಡಿದರೆ ಕೈಗೆಲಸದ ಪಾವಿತ್ರ್ಯ ಕೆಡುತ್ತದೆ ಎಂಬ ಭಾವನೆ ಓದುಗರಲ್ಲಿ ಬೇರೂರಲು ಇಂಥ ಬರಹವೂ ಕಾರಣ. ಪ್ರೀತಿಯಿಂದ ಮಾಡಿದ್ದಲ್ಲವೇ, ಮತ್ತೆ ದುಡ್ಡೇಕೆ ಎಂದು ಕೇಳುವವರು ಇದೇ ಭಾವನೆಯವರು.

ಟೊಪ್ಪಿಗೆಯ ಇತಿಹಾಸದಲ್ಲಿ ಈ ಪಾವಿತ್ರ್ಯಕ್ಕೆ ಎಡೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಟೊಪ್ಪಿಗೆ ಕಾರ್ಖಾನೆಗಳಲ್ಲಿ ಮೊಲದಂಥ ಪ್ರಾಣಿಗಳ ತುಪ್ಪಳ ಸುಲಭವಾಗಿ ಫೆಲ್ಟ್ ಆಗಲೆಂದು ಪಾದರಸದ ದ್ರಾವಣ ಹಚ್ಚುತ್ತಿದ್ದರು. ಅದರ ಹಬೆ ಕುಡಿದ ಕೆಲಸಗಾರರಿಗೆ ಕೈನಡುಕ, ಮನೋವಿಕಾರ ಬರುತ್ತಿತ್ತು. ಟೊಪ್ಪಿಗೆಯವನಂತೆ ಹುಚ್ಚು ಎಂಬರ್ಥದ ಇಂಗ್ಲಿಷ್ ನುಡಿಗಟ್ಟು ಕ್ಯಾರೊಲ್‌ಗಿಂತ ಹಿಂದಿನದು. ಅಮೆರಿಕದಲ್ಲಿ ಈ ಪದ್ಧತಿಗೆ ನಿಷೇಧ ಬಂದದ್ದು 1941ರಲ್ಲಿ. ಕುರಿಯ ಉಣ್ಣೆಗೆ ಪಾದರಸ ಬೇಕಾಗಿಲ್ಲ, ಹೆಣೆಯುವವರಿಗೆ ಆ ಅಪಾಯವಿಲ್ಲ. ಆದರೆ ಅಗ್ಗದ ಟೊಪ್ಪಿಗೆಯ ಉಳಿದ ಬೆಲೆಯನ್ನು ಯಾರೋ ಒಬ್ಬರು ಮೈಯಿಂದ ತೆರುತ್ತಾರೆ ಎಂಬ ನಿಯಮ ಬದಲಾಗಿಲ್ಲ. ನಮ್ಮಲ್ಲಿ 2017ರಲ್ಲಿ ರಂಗನಿರ್ದೇಶಕ ಪ್ರಸನ್ನ ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡವೆಂದು ಸತ್ಯಾಗ್ರಹಕ್ಕೆ ಇಳಿದಾಗ ಎತ್ತಿದ್ದೂ ಇದೇ ಕುಲದ ಪ್ರಶ್ನೆ: ಕೈಯಲ್ಲಿ ಮಾಡಿದ್ದನ್ನೂ ಯಂತ್ರದಲ್ಲಿ ಮಾಡಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ?

ಹಾಗಿದ್ದರೆ ಮಾಂತ್ರಿಕ ಕಥನವನ್ನು ದೂಷಿಸಿ ಮುಗಿಸಬೇಕೇ? 2007ರ ಕೊನೆಯ ಪುಸ್ತಕದ ಒಂದು ಪ್ರಸಂಗ ಹಾಗೆ ಮಾಡಲು ಬಿಡುವುದಿಲ್ಲ. ಗೆಳೆಯರನ್ನು ಉಳಿಸಲು ಹೋಗಿ ಡಾಬಿ ಸಾಯುತ್ತಾನೆ. ಅವನ ಗುಂಡಿಯನ್ನು ಹ್ಯಾರಿ ಮಂತ್ರದಿಂದ ತೋಡುವುದಿಲ್ಲ. ಸಲಿಕೆ ಹಿಡಿದು ಅಂಗೈ ಬೊಬ್ಬೆ ಬರುವವರೆಗೆ ತೋಡುತ್ತಾನೆ. ರಾನ್ ತನ್ನ ಬೂಟು, ಕಾಲುಚೀಲ ಬಿಚ್ಚಿ ಡಾಬಿಯ ಬರಿಗಾಲಿಗೆ ತೊಡಿಸುತ್ತಾನೆ. ಡೀನ್ ಎಲ್ಲಿಂದಲೋ ಒಂದು ಉಣ್ಣೆಯ ಟೊಪ್ಪಿಗೆ ತರುತ್ತಾನೆ, ಹ್ಯಾರಿ ಅದನ್ನು ಡಾಬಿಯ ತಲೆಗೆ ಇಡುತ್ತಾನೆ. ಐದನೆಯ ಪುಸ್ತಕದಲ್ಲಿ ಕಸದಡಿ ಬಚ್ಚಿಟ್ಟ ಮಂತ್ರದ ಟೊಪ್ಪಿಗೆಗಳಿಗೆ ಕಾದಂಬರಿ ತಾನೇ ಮಾಡಿಕೊಂಡ ತಿದ್ದುಪಡಿ ಇದು ಎಂದು ನಾನು ಓದುತ್ತೇನೆ. ಬೇಗ ಮುಗಿಸಬಲ್ಲವನು ನಿಧಾನದ ದಾರಿ ಆರಿಸಿದ್ದಾನೆ. ಸಮಯ ಕೊಡುವುದೇ ಗೌರವ ಎಂದು ಅವನಿಗೆ ಅರ್ಥವಾಗಿದೆ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಆ ಗೌರವ ಸಿಕ್ಕದ್ದು ಡಾಬಿ ಸತ್ತ ಮೇಲೆ. ಬದುಕಿದ್ದಾಗ ಅವನಿಗೆ ಸಿಗುತ್ತಿದ್ದದ್ದು ವಾರಕ್ಕೆ ಒಂದು ಗ್ಯಾಲಿಯನ್. ಒಂಬತ್ತನ್ನು ಅವನೇ ಬಿಟ್ಟುಕೊಟ್ಟ, ಹತ್ತು ಕೊಡಲು ಸಿದ್ಧನಿದ್ದ ಡಂಬಲ್‌ಡೋರ್ ಬಿಟ್ಟುಕೊಡಲು ಬಿಟ್ಟ. ಯಾರೂ ಇಲ್ಲ, ಇಷ್ಟು ತೆಗೆದುಕೊಳ್ಳಲೇಬೇಕು ಎಂದು ಹಟ ಹಿಡಿಯಲಿಲ್ಲ. ಪುಸ್ತಕವನ್ನು ಪ್ರೀತಿಸುವ ಓದುಗರಿಗೆ ಕೈಯಲ್ಲಿ ಹೆಣೆದ ಟೊಪ್ಪಿಗೆ ಎದುರಾದಾಗ ಮಾಡಬಹುದಾದ ಕೆಲಸ ಇದೇ. ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳುವ ಬದಲು ಎಷ್ಟು ಗಂಟೆ ಹಿಡಿಯಿತು ಎಂದು ಕೇಳುವುದು. ಆಕೆ ಹೇಳಿದ ಬೆಲೆಯಲ್ಲಿ ಆ ಗಂಟೆಗಳು ಸೇರಿಲ್ಲವೆಂದು ಕಂಡರೆ, ಸೇರಿಸಿ ಹೇಳಿ ಎನ್ನುವುದು.